ಇಂಥಾ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು

ಮದುವೆ, ಗೃಹಪ್ರವೇಶ, ತಿಥಿ, ಎಲ್ಲಿ ಹೋದರೂ ಈಗ ಈ ಮಾತು ತಪ್ಪಿದ್ದಲ್ಲ. ಯಾರೋ ದೊಡ್ಡಮ್ಮನೋ ಸೋದರತ್ತೆಯೋ ನನ್ನ ಹೆಂಡತಿಯ ಕೈ ಹಿಡಿದುಕೊಂಡು, ನನ್ನ ಕಡೆ ನೋಡುತ್ತಾ, “ಇಂಥಾ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ನೋಡವ್ವಾ” ಅನ್ನುತ್ತಾರೆ. ಅವಳು ನಗುತ್ತಾಳೆ. ನಾನು ಎಲೆ ಮುಂದಿನ ನೀರಿನ ಲೋಟವನ್ನು ಸುಮ್ನೆ ಆ ಕಡೆ ಈ ಕಡೆ ಸರಿಸುತ್ತೇನೆ. ಗಾಡಿಯಲ್ಲಿ ವಾಪಸ್ ಬರುವಾಗ ಇಬ್ಬರೂ ಆ ವಿಷಯ ಎತ್ತುವುದಿಲ್ಲ.

ಹೊಗಳಿಕೆ ಯಾರಿಗೆ ಬೇಡ? ಮೊದಮೊದಲು ನನಗೂ ಹಿತವಾಗಿಯೇ ಇತ್ತು. ಆದರೆ ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಅಂಗಡಿಯೊಂದರ ಲೆಕ್ಕ ಬರೆಯುವವನು. ಯಾವ ಮಾತು ಕೇಳಿದರೂ ಎರಡೂ ಕಡೆ ತಾಳೆಯಾಗುತ್ತದಾ ಅಂತ ನೋಡುವ ಚಟ. ಇದು ತಾಳೆಯಾಗುವುದಿಲ್ಲ. ಹೆಂಡತಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಾಗ ಐಸಿಯು ಹೊರಗಿನ ಹಾಲ್‌ನಲ್ಲಿ ನನ್ನ ಜೊತೆ ಚಾಪೆ ಹಾಸಿಕೊಂಡು ಮಲಗಿದ್ದವರಲ್ಲಿ ಮುಕ್ಕಾಲುಪಾಲು ಹೆಂಗಸರು. ಗಂಡನಿಗೆ, ಮಾವನಿಗೆ, ಮಗನಿಗೆ ಕಾವಲಿದ್ದವರು. ಅವರಲ್ಲಿ ಒಬ್ಬರ ಬಗ್ಗೆಯೂ “ಇಂಥಾ ಹೆಂಡತಿ ಸಿಗೋಕೆ ಅವನು ಪುಣ್ಯ ಮಾಡಿದ್ದ” ಅಂತ ಯಾರೂ ಅಂದದ್ದನ್ನು ನಾನು ಕೇಳಲಿಲ್ಲ. ಕಿವಿ ಕೊಟ್ಟು ಕೂತಿದ್ದೆ ಬೇರೆ, ಅಲ್ಲಿ ಇನ್ನೇನು ಕೆಲಸ?

ಒಂದೇ ಉಸಿರಿನ ಎಣಿಕೆ

ಯುಗಾದಿ ಕಳೆದಿತ್ತು. ಆ ಬೇಸಿಗೆ ಎಂಥದ್ದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು, ಬೋರ್‌ವೆಲ್ ಒಣಗಿ, ನೀರಿನ ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ನಮ್ಮನೆಯಲ್ಲಿ ಎಲ್ಲರಿಗೂ ಹೊಟ್ಟೆ ಕೆಟ್ಟಿತು. ಮಜ್ಜಿಗೆ ಕುಡಿದು ಸರಿಮಾಡಿಕೊಂಡೆವು, ಮರೆತೆವು. ಸ್ವಲ್ಪ ದಿನದಲ್ಲಿ ಇವಳಿಗೆ ಪಾದ ಜುಮ್ ಅನ್ನತೊಡಗಿತು. ಹವಾಯಿ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿಯುತ್ತಿತ್ತು, ಜಾರಿದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬಡಾವಣೆಯ ಡಾಕ್ಟರು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಮಾರನೇ ದಿನ ನೆಲದ ಮೇಲೆ ಕೂತವಳಿಗೆ ಏಳಲು ಆಗಲಿಲ್ಲ. ಅದರ ಮಾರನೇ ದಿನ ತಲೆ ಬಾಚಿಕೊಳ್ಳಲು ಕೈ ಮೇಲೆತ್ತಲಾಗಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ನರದ ಡಾಕ್ಟರು ರಬ್ಬರ್ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ಹೊಡೆದರು. ಕಾಲು ಮಿಸುಕಲಿಲ್ಲ. ಆ ಕಾಲಿಗೆ ಹೊಡೆದರು. ಅದೂ ಅಷ್ಟೇ. ಆಮೇಲೆ ಬೆನ್ನಿನಿಂದ ನೀರು ತೆಗೆದು ಟೆಸ್ಟ್, ನರದಲ್ಲಿ ಕರೆಂಟ್ ಹರಿಸಿ ಟೆಸ್ಟ್. ಗಿಯಾನ್ ಬಾರೆ ಸಿಂಡ್ರೋಮ್ ಅಂದರು. ಆಸ್ಪತ್ರೆ ಬಾಯಲ್ಲಿ ಜಿಬಿಎಸ್. 1916ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಫ್ರಾನ್ಸಿನ ಸೇನೆಯ ಡಾಕ್ಟರುಗಳು ಇಬ್ಬರು ಸೈನಿಕರಲ್ಲಿ ಕಂಡು ಬರೆದಿಟ್ಟ ಕಾಯಿಲೆಯಂತೆ. ನಮಗೆ ಆ ಹೆಸರೇ ಹೊಸದು. (2025ರ ಜನವರಿಯಲ್ಲಿ ಪುಣೆಯಲ್ಲಿ ತುಂಬಾ ಜನಕ್ಕೆ ಬಂದು ಟಿವಿಯಲ್ಲಿ ದಿನಾ ಜಿಬಿಎಸ್, ಜಿಬಿಎಸ್ ಅಂತ ಓಡಿತಲ್ಲ, ಆಗ ನಮ್ಮ ಓಣಿಯವರೆಲ್ಲ ಬಂದು “ನಿಮ್ಮನೇರಿಗೆ ಬಂದಿದ್ದು ಇದೇ ಅಲ್ವಾ” ಅಂತ ಕೇಳಿ ಹೋದರು. ನಮಗಾದದ್ದು ಅದಕ್ಕೂ ಮುಂಚೆ.) ಹೊಟ್ಟೆ ಕೆಡಿಸಿದ ಕ್ರಿಮಿಯ ಮೇಲೆ ಯುದ್ಧಕ್ಕೆ ಎದ್ದ ನಮ್ಮದೇ ರೋಗನಿರೋಧಕ ಶಕ್ತಿ, ಗುರುತು ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತದೆ. ಪಾದದಿಂದ ಶುರುವಾಗಿ ಮೇಲೆ ಮೇಲೆ ಏರುತ್ತದೆ. ಎಲ್ಲಿಗೆ ನಿಲ್ಲುತ್ತದೆ ಅಂತ ಹೇಳಲು ಬರುವುದಿಲ್ಲ. ಹೆಚ್ಚಿನವರಿಗೆ ಕೈಕಾಲಿಗೇ ನಿಲ್ಲುತ್ತದೆ. ನಾಲ್ಕೈದು ಜನದಲ್ಲಿ ಒಬ್ಬರಿಗೆ ಉಸಿರಾಟದ ಸ್ನಾಯುಗಳಿಗೂ ಹತ್ತುತ್ತದೆ.

ಅದು ಹತ್ತುತ್ತಿದೆಯಾ ಅಂತ ನೋಡಲು ಅವರು ಮಾಡಿದ ಪರೀಕ್ಷೆಗೆ ಯಾವ ಮಿಷನ್ನೂ ಬೇಕಾಗಲಿಲ್ಲ. “ದೀರ್ಘವಾಗಿ ಉಸಿರು ಎಳ್ಕೊಂಡು, ಒಂದೇ ಉಸಿರಲ್ಲಿ ಒಂದು, ಎರಡು, ಮೂರು ಅಂತ ಎಣಿಸಿ ಅಮ್ಮಾ” ಅಂದರು ಡ್ಯೂಟಿ ಡಾಕ್ಟರು. ಇವಳು ಖಾಸಗಿ ಶಾಲೆಯೊಂದರಲ್ಲಿ ಗಣಿತದ ಟೀಚರ್. ಎಣಿಸುವುದರಲ್ಲಿ ಹಿಂದೆ ಬೀಳುವವಳಾ? ಸಂಜೆ 24ರವರೆಗೆ ಹೋದಳು. ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಎಣಿಸಿ ನೋಡಿದೆ, 40 ದಾಟಿತು. ಆ ವ್ಯತ್ಯಾಸ ಏನು ಹೇಳುತ್ತದೆ ಅಂತ ನನಗೆ ಆಗ ಹೊಳೆಯಲಿಲ್ಲ. ಬೆಳಿಗ್ಗೆ 17. ಡಾಕ್ಟರ ಮುಖ ನೋಡಿ ಅವಳೇ “ಇನ್ನೊಂದ್ಸಲ” ಅಂದು ಶುರು ಮಾಡಿದಳು. 16ಕ್ಕೆ ನಿಂತಿತು. ಮಧ್ಯಾಹ್ನ ಊಟದ ಹೊತ್ತಿಗೆ 11. ಹನ್ನೊಂದು ಅಂದವಳು ಹನ್ನೆರಡಕ್ಕೆ ಬಾಯಿ ತೆರೆದಳು, ದನಿ ಬರಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ, ಡಾಕ್ಟರ ಕೈಯಲ್ಲಿದ್ದ ಕಾಗದದ ಕಡೆ ನೋಡಿದಳು. ಮಕ್ಕಳು ತಪ್ಪು ಲೆಕ್ಕ ಮಾಡಿದಾಗ ನೋಡುವ ಹಾಗೆಯೇ. ಸಂಜೆಯೊಳಗೆ ಬಾಯಿಗೆ ಪೈಪು ಹಾಕಿ ವೆಂಟಿಲೇಟರ್‌ಗೆ ಸೇರಿಸಿದರು. ಅವಳ ದನಿ ಮತ್ತೆ ಕೇಳುವಷ್ಟರಲ್ಲಿ ಊರಲ್ಲಿ ಮುಂಗಾರು ಬಿತ್ತನೆ ಮುಗಿದಿತ್ತು.

ಔಷಧಿ ಅಂದರೆ ಇಮ್ಯುನೋಗ್ಲೋಬ್ಯುಲಿನ್, ಐವಿಐಜಿ ಅಂತಾರೆ. ಕೆಜಿ ತೂಕಕ್ಕೆ ದಿನಕ್ಕೆ 0.4 ಗ್ರಾಂ, ಐದು ದಿನ. ಇವಳು 62 ಕೆಜಿ. ದಿನಕ್ಕೆ ಐದೈದು ಗ್ರಾಮಿನ ಐದು ಬಾಟಲಿ, ಒಟ್ಟು 25. ಮೆಡಿಕಲ್ ಸ್ಟೋರಿನ ಫ್ರಿಜ್‌ನಿಂದ ತೆಗೆದು ಕೊಡುತ್ತಿದ್ದ ಆ ಪುಟ್ಟ ತಣ್ಣನೆ ಬಾಟಲಿಗಳನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಲಿಫ್ಟಿನಲ್ಲಿ ಯಾರಾದರೂ ಮೊಣಕೈ ತಾಗಿಸಿ ಬೀಳಿಸಿಬಿಟ್ಟರೆ ಅನ್ನುವ ಭಯ. ಸಾವಿರಾರು ಜನ ಕೊಟ್ಟ ಪ್ಲಾಸ್ಮಾದಿಂದ ಅದನ್ನು ತಯಾರು ಮಾಡುತ್ತಾರಂತೆ. ದುಡ್ಡಿನ ಕಥೆ ಬರೆಯುತ್ತಾ ಹೋದರೆ ಅದೇ ಒಂದು ಪುರಾಣ. ಲಕ್ಷಗಳು. ಬಂಗಾರ ಅಡವಿಟ್ಟೆವು, ಸೊಸೈಟಿಯಲ್ಲಿ ಸಾಲ ಎತ್ತಿದೆವು, ಅಂಗಡಿ ಮಾಲೀಕರು ಕೈಗಡ ಕೊಟ್ಟರು. ಅಷ್ಟು ಸಾಕು.

ಹಾಲ್‌ನಲ್ಲಿದ್ದವರು

1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದಾಗಿನಿಂದ ದಾವಣಗೆರೆ ಸುತ್ತಲ ಜಿಲ್ಲೆಗಳಿಗೆ ಆಸ್ಪತ್ರೆಯ ಊರು. ಒಂದು ಕಡೆ ಚಿತ್ರದುರ್ಗ, ಇನ್ನೊಂದು ಕಡೆ ಹಾವೇರಿ, ಮತ್ತೊಂದು ಕಡೆ ಹರಪನಹಳ್ಳಿ, ಕೂಡ್ಲಿಗಿ. ಊರಲ್ಲಿ ಏನೇ ದೊಡ್ಡದಾದರೂ “ದಾವಣಗೆರೆಗೆ ಒಯ್ರಿ” ಅನ್ನುವುದೇ ಮೊದಲ ಮಾತು. ನಾನು ಇದೇ ಊರಿನವನು. ರಾತ್ರಿ ಬೇಕಾದರೆ ಮನೆಗೆ ಹೋಗಿ ಸ್ನಾನ ಮಾಡಿ ಬರಬಹುದು. ಹಾಲ್‌ನಲ್ಲಿ ಹೆಚ್ಚಿನವರಿಗೆ ಆ ಸವಲತ್ತಿಲ್ಲ. ಮೊಬೈಲ್ ಚಾರ್ಜ್ ಮಾಡಲು ಇದ್ದದ್ದು ಎರಡೇ ಪಾಯಿಂಟು, ಸರದಿ ಮೇಲೆ. ಬಕೆಟ್ಟು, ಚಾಪೆ, ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ. ಮೈಕಿನಲ್ಲಿ ಪೇಶೆಂಟ್ ಹೆಸರು ಕೂಗಿದರೆ ಇಡೀ ಹಾಲ್ ಒಮ್ಮೆ ಎದ್ದು ಕೂರುತ್ತದೆ. ಕೂಗುವುದು ಹೆಚ್ಚಾಗಿ ಔಷಧಿ ಚೀಟಿಗೆ. ಒಮ್ಮೊಮ್ಮೆ ಅದಕ್ಕಲ್ಲ.

ಜಗಳೂರು ಕಡೆಯ ಒಬ್ಬ ಹೆಣ್ಣುಮಗಳು ಅಲ್ಲಿ ಇದ್ದಳು. ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ಗಂಡ ಟ್ರ್ಯಾಕ್ಟರ್‌ನಿಂದ ಬಿದ್ದು ತಲೆಗೆ ಪೆಟ್ಟು. ಆಸ್ಪತ್ರೆ ಹೇಗೆ ನಡೆಯುತ್ತದೆ ಅಂತ ನನಗೆ ಹೇಳಿಕೊಟ್ಟವಳು ಅವಳು. “ಅಣ್ಣಾರೇ, ಆ ಫಾರಂಗೆ ಮೂರು ಜೆರಾಕ್ಸ್ ಮಾಡಿಸ್ಕಳ್ರಿ. ಒಂದೇ ಸಾಕು ಅಂತಾರೆ, ಆಮೇಲೆ ಇನ್ನೊಂದು ಕೇಳ್ತಾರೆ.” ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ ಅನ್ನುವುದು ನನಗೆ ಗೊತ್ತಾದದ್ದು ಅವಳಿಂದ. ವಾರ್ಡಿಗೆ ಕೊಟ್ಟು ಉಳಿದ ಸಿರಿಂಜು, ಗ್ಲೌಸು, ಒಡೆಯದ ಔಷಧಿ ಎಲ್ಲವನ್ನೂ ಮೆಡಿಕಲ್‌ಗೆ ರಿಟರ್ನ್ ಮಾಡಬಹುದು, ಕೇಳದಿದ್ದರೆ ಯಾರೂ ಹೇಳುವುದಿಲ್ಲ ಅಂತ ಗೊತ್ತಾದದ್ದೂ ಅವಳಿಂದಲೇ. ಲೆಕ್ಕ ಬರೆಯುವವನು ನಾನು! ಅವಳು ಓದಿದ್ದು ಏಳನೇ ಕ್ಲಾಸು. ಎಲ್ಲ ಚೀಟಿಗಳನ್ನೂ ಮಗುವಿನ ಊಟದ ಡಬ್ಬಿಯೊಂದರಲ್ಲಿ ತಾರೀಕಿನ ಪ್ರಕಾರ ಜೋಡಿಸಿ ಇಟ್ಟುಕೊಂಡಿದ್ದಳು.

ಅವಳನ್ನು ನೋಡಲು ಊರಿನವರು ಬರುತ್ತಿದ್ದರು. ಬಂದವರ ಮೊದಲ ಪ್ರಶ್ನೆ, “ಮಕ್ಕಳನ್ನ ಯಾರತ್ರ ಬಿಟ್ ಬಂದೀಯವ್ವಾ?” ಎರಡನೇದು, “ಅತ್ತೆಗೆ ವಯಸ್ಸಾಗೈತಲ್ಲ, ದನಕರ ಯಾರು ನೋಡ್ತಾರೆ?” ಅವಳು ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದಳು, ಠಾಣೆಯಲ್ಲಿ ಹೇಳಿಕೆ ಕೊಡುವವರ ಹಾಗೆ. ಅದೇ ಜನ ಆಮೇಲೆ ಇತ್ತ ತಿರುಗಿ ನನ್ನನ್ನು ಮಾತಾಡಿಸುತ್ತಿದ್ದರು. ನನ್ನದು ಏನು ಕೇಸು ಅಂತ ಕೇಳಿ, ಹೆಂಡತಿಗೆ ಅಂತ ಗೊತ್ತಾದ ತಕ್ಷಣ ದನಿಯೇ ಬದಲು. “ಅಯ್ಯೋ, ನೀವೇ ಇದ್ದು ನೋಡ್ಕಂತೀರಾ? ಊಟ ಗೀಟ ಹೆಂಗ್ ಮಾಡ್ತೀರಿ? ದೊಡ್ಡ ಮನಸ್ಸು ಬಿಡ್ರಿ ನಿಮ್ದು.” ಅಲ್ಲೇ, ಎರಡು ಚಾಪೆ ಆಚೆ, ಅವಳು ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಬೇಜಾರು ಕಾಣಲಿಲ್ಲ. ಅದರಲ್ಲಿ ತಪ್ಪೇನಿದೆ ಅಂತ ಅವಳಿಗೂ ಅನ್ನಿಸಿರಲಿಕ್ಕಿಲ್ಲ. ನನಗೆ ಮಾತ್ರ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆಮೇಲೆ ಯೋಚಿಸಿದರೆ, ನನ್ನ ದೊಡ್ಡ ಮನಸ್ಸಿನ ಕೆಳಗೆ ಎಷ್ಟು ಜನ ಕೆಲಸ ಮಾಡುತ್ತಿದ್ದರು! ನನ್ನತ್ತೆ ಹೊನ್ನಾಳಿಯಿಂದ ಬಂದು ನಮ್ಮ ಮನೆಯಲ್ಲೇ ಇದ್ದು, ಪಿಯುಸಿ ಓದುವ ಮಗಳಿಗೆ ಡಬ್ಬಿ ಕಟ್ಟುತ್ತಿದ್ದರು. ನನ್ನ ತಂಗಿ ದಿನ ಬಿಟ್ಟು ದಿನ ಹರಿಹರದಿಂದ ಬಸ್ಸಿಗೆ ಬಂದು ಇವಳ ಬಟ್ಟೆ ಒಗೆದು, ಮಧ್ಯಾಹ್ನ ಹಾಲ್‌ನಲ್ಲಿ ಕೂತು, ನನ್ನನ್ನು ಅಂಗಡಿಗೆ ಕಳಿಸುತ್ತಿದ್ದಳು. ಪಕ್ಕದ ಮನೆಯವರು ಮುದ್ದೆ, ಸಾರು ಕಳಿಸುತ್ತಿದ್ದರು, ಯಾರೂ ಹೇಳದೆ. ಇವರೆಲ್ಲರ ದುಡಿಮೆಯನ್ನೂ ಸೇರಿಸಿ ಜನ ನನ್ನ ಖಾತೆಗೆ ಜಮಾ ಮಾಡಿಬಿಟ್ಟರು. ನನ್ನ ತಂಗಿಗೆ ಅವಳ ಗಂಡನ ಮನೆಯಲ್ಲಿ “ಎಷ್ಟು ದಿನ ಅಂತ ಓಡಾಡ್ತೀಯ” ಅಂತ ಕೇಳಿಸಿಕೊಳ್ಳುವುದು ಬಂತು, ಅದು ಬೇರೆ.

ಐದನೇ ಸಾಲು, ಮೂರನೇ ಅಕ್ಷರ

ಈ ಕಾಯಿಲೆಯಲ್ಲಿ ತಲೆಗೆ ಏನೂ ಆಗುವುದಿಲ್ಲ. ಇದು ಜನಕ್ಕೆ ಅರ್ಥವಾಗುವುದು ಕಷ್ಟ. ಕೈ ಎತ್ತಲಾಗದೆ, ತುಟಿ ಅಲ್ಲಾಡಿಸಲಾಗದೆ, ಮೂಗಿನ ನಳಿಕೆಯಲ್ಲಿ ಊಟ ಹೋಗುತ್ತಾ ಮಲಗಿರುವ ಮನುಷ್ಯರು ಒಳಗೆ ಪೂರ್ತಿ ಎಚ್ಚರ. ಕೇಳುತ್ತದೆ, ಕಾಣುತ್ತದೆ, ನೋವು ಎಲ್ಲರಿಗಿಂತ ಜಾಸ್ತಿಯೇ ಗೊತ್ತಾಗುತ್ತದೆ. ಎರಡೆರಡು ಗಂಟೆಗೊಮ್ಮೆ ಬೆನ್ನು ಹುಣ್ಣಾಗದಿರಲಿ ಅಂತ ಮಗ್ಗುಲು ತಿರುಗಿಸುವಾಗ, ಹೆಗಲ ಕೆಳಗೆ ಹಾಸಿಗೆಯ ಒಂದು ಮಡಿಕೆ ಉಳಿದುಬಿಟ್ಟರೆ ಮುಂದಿನ ಎರಡು ಗಂಟೆ ಆ ಮಡಿಕೆಯದ್ದೇ ಧ್ಯಾನ. ಹೇಳಲು ದಾರಿ ಇಲ್ಲ.

ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಅಲ್ಲ. ಮೊದಲು ಅಷ್ಟೇ ಇತ್ತು. ನೋವಾ? ಹೌದು. ಕಾಲಾ? ಅಲ್ಲ. ಬೆನ್ನಾ? ಅಲ್ಲ. ಹೀಗೆ ಇಪ್ಪತ್ತು ಪ್ರಶ್ನೆ ಕೇಳಿದರೂ ಸರಿಯಾದ್ದು ಸಿಗದೆ ಅವಳು ಕಣ್ಣು ಮುಚ್ಚಿಬಿಡುತ್ತಿದ್ದಳು. ದಾರಿ ತೋರಿಸಿದ್ದು ಮಗಳು. “ಅಪ್ಪಾ, ಅಮ್ಮಂಗೆ ವರ್ಣಮಾಲೆ ಬಾಯಿಪಾಠ ಅಲ್ವಾ, ಸಾಲು ನಂಬರ್ ಹೇಳು ಸಾಕು” ಅಂದಳು. ಕ ಸಾಲು ಒಂದು, ಚ ಸಾಲು ಎರಡು, ಟ ಮೂರು, ತ ನಾಲ್ಕು, ಪ ಐದು, ಯ ಆರು. ನಾನು ಸಾಲು ಹೇಳುತ್ತಾ ಹೋಗಬೇಕು, ಅವಳು ಮೇಲೆ ನೋಡಿದಲ್ಲಿ ನಿಲ್ಲಬೇಕು. ಆಮೇಲೆ ಆ ಸಾಲಿನ ಅಕ್ಷರಗಳು. ಕಾಗುಣಿತ, ಒತ್ತು ಎಲ್ಲ ಬಿಟ್ಟುಬಿಡುವುದು, ಅದನ್ನು ನಾವೇ ತುಂಬಿಕೊಳ್ಳಬೇಕು.

ಮೊದಲ ದಿನ ಪರೀಕ್ಷೆಯ ಪ್ಯಾಡು, ಪೆನ್ನು ಹಿಡಿದು ಒಳಗೆ ಹೋದೆ. ಹೋದವನು ಸುಮ್ನಿರಲಾರದೆ ಎಂದಿನ ಹಾಗೆ ಶುರು ಮಾಡಿದೆ. ಧೈರ್ಯ ತಗೋ, ಡಾಕ್ಟರು ಹೇಳಿದ್ದಾರೆ, ಶೇಕಡಾ 80ರಷ್ಟು ಜನ ಆರು ತಿಂಗಳಲ್ಲಿ ತಾವಾಗಿ ನಡೀತಾರಂತೆ, ನೀನು ಗಟ್ಟಿಗಿತ್ತಿ, ನಿನಗೇನೂ ಆಗಲ್ಲ, ದುಗ್ಗಮ್ಮನಿಗೆ ಹರಕೆ ಹೊತ್ತಿದ್ದೇವೆ. ಅವಳು ಪ್ಯಾಡಿನ ಕಡೆ ನೋಡಿದಳು. ಸರಿ, ಸಾಲು ಹೇಳಿದೆ. ಐದನೇ ಸಾಲು. ಪ, ಫ, ಬ. ಮೇಲೆ ನೋಡಿದಳು. ಬ ಬರೆದೆ. ಆರನೇ ಸಾಲು, ಮೊದಲನೇದೇ. ಯ. ಮತ್ತೆ ಐದು, ಕೊನೆಯದು. ಮ. ಎರಡನೇ ಸಾಲು, ಚ. ಬ ಯ ಮ ಚ. ನನಗೆ ತಕ್ಷಣ ಹೊಳೆಯಲಿಲ್ಲ. ಬಾಯಿ ಒಣಗಿದೆಯಾ? ಅಲ್ಲ. ಚಮಚ? ಅಲ್ಲ. ಹಿಂದೆ ನಿಂತು ಡ್ರಿಪ್ ಸರಿಮಾಡುತ್ತಿದ್ದ ಸಿಸ್ಟರ್ ಬಗ್ಗಿ ಓದಿ, ಮಾಸ್ಕಿನೊಳಗೇ ಕಿಸಕ್ ಅಂತ ನಕ್ಕರು. “ಸಾರ್, ನಿಮಗೆ ಬಾಯಿ ಮುಚ್ಚೋಕೆ ಹೇಳ್ತಾ ಇದ್ದಾರೆ.”

ಅವಳು ಮೇಲೆ ನೋಡಿದಳು. ಹೌದು.

ಅವತ್ತು ನನಗಾದ ಖುಷಿಯನ್ನು ಯಾರಿಗೆ ಹೇಳಲಿ? ಹೊರಗೆ ಬಂದು ಇಡೀ ಹಾಲ್‌ಗೆ ಆ ಕಾಗದ ತೋರಿಸಿದೆ. ಜಗಳೂರಿನವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬರೀ ವ್ಯಂಜನವಾದ್ದರಿಂದ ಅದು ‘ಮುಚ್ಚು’ ಅಂತಲೋ ‘ಮುಚ್ಚಿ’ ಅಂತಲೋ ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಕೇಳಿದರೆ “ನೀವೇ ತುಂಬ್ಕೊಳ್ಳಿ” ಅನ್ನುತ್ತಾಳೆ.

ಆ ಪ್ಯಾಡು ಬಂದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೆಯತೊಡಗಿತು. ಅಲ್ಲಿಯವರೆಗೆ ಎಲ್ಲದಕ್ಕೂ ಸಹಿ ಹಾಕಿದವನು ನಾನು. ಬಾಯಿಯ ಪೈಪು ಜಾಸ್ತಿ ದಿನ ಇಡುವಂತಿಲ್ಲ, ಗಂಟಲಿಗೆ ರಂಧ್ರ ಮಾಡಿ ಟ್ಯೂಬ್ ಹಾಕಬೇಕು ಅಂದಾಗ ಡಾಕ್ಟರು ಅವಳ ಹಾಸಿಗೆಯ ಈ ಕಡೆ, ನಾನು ಆ ಕಡೆ. ಮಾತೆಲ್ಲ ಅವಳ ಮೇಲಿಂದಲೇ ಹೋಯಿತು. ಅವಳು ಎಲ್ಲವನ್ನೂ ಕೇಳುತ್ತಾ ಮಲಗಿದ್ದಳು. ಕಾನೂನಿಗೆ ಸಹಿ ಬೇಕು, ಅವಳ ಕೈ ಏಳುವುದಿಲ್ಲ, ಸರಿ. ಆದರೆ ಕೇಳುವುದಕ್ಕೆ ಕೈ ಯಾಕೆ ಬೇಕು? ಮುಂದೊಂದು ದಿನ ಆಯಾ ಬಂದು, ಕೂದಲು ಸಿಕ್ಕುಗಟ್ಟಿದೆ, ಕತ್ತರಿಸಿಬಿಡೋಣ್ವಾ ಸಾರ್ ಅಂತ ನನ್ನನ್ನು ಕೇಳಿದಳು. ಮೊಣಕಾಲು ಮುಟ್ಟುವ ಜಡೆ ಅಲ್ಲದಿದ್ದರೂ ಸೊಂಟದವರೆಗೆ ಇತ್ತು. ನಾನು ಉತ್ತರ ಕೊಡುವ ಮೊದಲೇ ಇವಳ ಕಣ್ಣು ಪ್ಯಾಡಿನ ಮೇಲೆ. ನ ನ ನ ಕ ಳ. ನನ್ನನ್ನ ಕೇಳಿ. ಕೇಳಿದೆವು. ಒಂದು ಕ್ಷಣವೂ ತಡ ಮಾಡದೆ ಮೇಲೆ ನೋಡಿದಳು, ಕತ್ತರಿಸಿ ಅಂತ. ಅವಳಿಗೆ ಜಡೆ ಮುಖ್ಯವಾಗಿರಲಿಲ್ಲ. ಅದಾದ ಮೇಲೆ ರೌಂಡ್ಸಿಗೆ ಬಂದ ಡಾಕ್ಟರಿಗೆ ನಾನೇ ಹೇಳತೊಡಗಿದೆ, “ಸಾರ್, ಅವಳಿಗೇ ಹೇಳಿ.” ಕೆಲವರಿಗೆ ಅದು ಇರಿಸುಮುರುಸು. ಒಬ್ಬ ಕಿರಿಯ ಡಾಕ್ಟರು ಮಾತ್ರ ಸ್ಟೂಲ್ ಎಳೆದುಕೊಂಡು ಕೂತು ಸಾಲು ಹೇಳುವುದನ್ನು ಕಲಿತುಕೊಂಡರು.

ನೋಡೋಕೆ ಬಂದವರು

ನಮ್ಮಲ್ಲಿ ಆಸ್ಪತ್ರೆಗೆ ಪೇಶೆಂಟ್ ನೋಡಲು ಬರುವುದು ಅಂದರೆ ಒಂದು ದಿನದ ಕಾರ್ಯಕ್ರಮ. ಪೇಶೆಂಟ್ ನೋಡಿ, ಮಂಡಿಪೇಟೆಯಲ್ಲಿ ಏನಾದರೂ ತಗೊಂಡು, ಬೆಣ್ಣೆದೋಸೆ ತಿಂದು, ಸಂಜೆ ಬಸ್ಸಿಗೆ ಊರಿಗೆ. ನಾನು ಇದನ್ನು ಆಡಿಕೊಳ್ಳುತ್ತಿಲ್ಲ. ನಾನೂ ಎಷ್ಟು ಜನರನ್ನು ಹೀಗೆ ನೋಡಿ ಬಂದಿಲ್ಲ? ಬಂದವರು ತಂದ ಎಳನೀರು, ಮೋಸಂಬಿ, ಬ್ರೆಡ್ಡು ಹಾಲ್‌ನಲ್ಲಿ ಎಲ್ಲರಿಗೂ ಹಂಚಿಕೆಯಾಗುತ್ತಿತ್ತು, ಅವಳಿಗೆ ನಳಿಕೆಯಲ್ಲಿ ಅಳತೆ ಮಾಡಿದ ಆಹಾರ ಮಾತ್ರ. ನಾಟಿ ವೈದ್ಯರ ವಿಳಾಸ ಕೊಟ್ಟವರು, ಬೆಂಗಳೂರಿಗೆ ಒಯ್ಯಬೇಕಿತ್ತು ಅಂದವರು, ಇದೇ ಕಾಯಿಲೆ ಬಂದು ಹೋಗಿಬಿಟ್ಟ ತಮ್ಮ ನೆಂಟರ ಕಥೆ ಹೇಳಿದವರು, ಎಲ್ಲರೂ ಪ್ರೀತಿಯಿಂದಲೇ.

ಕೆಲಸಕ್ಕೆ ಬಂದದ್ದು ಬೇರೆ. ನನ್ನ ಹಳೆಯ ಸ್ನೇಹಿತನೊಬ್ಬ ಏನೂ ತರಲಿಲ್ಲ. ಸಂಜೆ ಏಳಕ್ಕೆ ಲುಂಗಿ, ಹೊದಿಕೆ ಹಿಡಿದು ಬಂದ. “ನೀನು ಹೋಗು, ಮಲ್ಕೋ. ಹೆಸರು ಕೂಗಿದ್ರೆ ನಾನು ಓಡ್ತೀನಿ, ದೊಡ್ಡದೇನಾದ್ರೂ ಆದ್ರೆ ಫೋನ್ ಮಾಡ್ತೀನಿ.” ವಾರಕ್ಕೆ ಒಂದು ರಾತ್ರಿ ಹಾಗೆ ಬರುವುದನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಪೇಶೆಂಟ್ ಮುಖ ನೋಡಬೇಕು ಅಂತಲೂ ಕೇಳಲಿಲ್ಲ. ಇವಳ ಶಾಲೆಯ ಒಬ್ಬ ಟೀಚರ್ ಮಗಳಿಗೆ ಗಣಿತ, ಫಿಸಿಕ್ಸ್ ಹೇಳಿಕೊಡುವ ಜವಾಬ್ದಾರಿ ತಗೊಂಡರು. ಆಸ್ಪತ್ರೆಯಲ್ಲಿ ಬಹಳ ದಿನ ಇರುವವರ ಕಡೆಯವರಿಗೆ ಬೇಕಾಗುವುದು ಹೀಗೆ ಮತ್ತೆ ಮತ್ತೆ ಬರುವ ಸಣ್ಣ ಸಹಾಯ. ಮೊದಲ ವಾರ ಐವತ್ತು ಜನ ಬರುತ್ತಾರೆ. ಆಷಾಢದ ಹೊತ್ತಿಗೆ ಫೋನ್ ಕೂಡ ಬರುವುದಿಲ್ಲ, ಬಿಲ್ಲು ಮಾತ್ರ ಬರುತ್ತಿರುತ್ತದೆ.

ಅವಳು ಮಾಡಿದ ಕೆಲಸ

ಪುಣ್ಯದ ಮಾತಿನಲ್ಲಿ ನನಗೆ ಇನ್ನೂ ದೊಡ್ಡದಾಗಿ ಚುಚ್ಚುವುದು ಇದು. ಅಷ್ಟು ತಿಂಗಳಲ್ಲಿ ನಾನು ಏನೋ ಮಾಡಿದೆ, ಅವಳು ಸುಮ್ಮನೆ ಮಲಗಿದ್ದಳು, ಪುಣ್ಯಕ್ಕೆ ಎದ್ದಳು ಅನ್ನುವ ಹಾಗೆ ಕಥೆ ತಯಾರಾಗಿದೆ. ನಾನು ಓಡಾಡಿದೆ, ಹೌದು. ಕಷ್ಟದ ಕೆಲಸ ನಡೆದದ್ದು ಹಾಸಿಗೆ ಮೇಲೆ.

ವೆಂಟಿಲೇಟರ್ ಬಿಡಿಸುವುದು ಸ್ವಿಚ್ ಆಫ್ ಮಾಡಿದ ಹಾಗಲ್ಲ. ಗಂಟಲ ಟ್ಯೂಬಿನಿಂದ ಮಿಷನ್ನಿನ ಪೈಪು ತೆಗೆದು, ಟಿ ಆಕಾರದ ಸಣ್ಣ ತುಂಡೊಂದು ಸಿಕ್ಕಿಸಿ ಬರೀ ಆಕ್ಸಿಜನ್ ಕೊಡುತ್ತಾರೆ. ಉಸಿರು ಎಳೆಯುವುದು ಅವಳದೇ ಕೆಲಸ. ಮೊದಲ ದಿನ ಹತ್ತು ನಿಮಿಷ ಅಂದರು. ಹತ್ತು ನಿಮಿಷ ಅಂದರೆ ನಮಗೆ ಒಂದು ಚಹಾ. ಅವಳ ಹಣೆಯಲ್ಲಿ ಬೆವರು ಕಟ್ಟಿ ಕಿವಿಯ ಕಡೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇಲ್ಲ. ಕುತ್ತಿಗೆಯ ನರ ಒಂದೊಂದು ಉಸಿರಿಗೂ ಎದ್ದು ನಿಲ್ಲುತ್ತಿತ್ತು. ಆಗ ಅವಳು ಏನು ಮಾಡುತ್ತಿದ್ದಳು ಅಂತ ಗೊತ್ತಾದದ್ದು ಮನೆಗೆ ಬಂದ ಮೇಲೆ. ಮಗ್ಗಿ ಹೇಳುತ್ತಿದ್ದಳಂತೆ, ಮನಸ್ಸಿನಲ್ಲೇ. ಒಂದು ಸಾಲಿಗೆ ಒಂದು ಉಸಿರು. ಹನ್ನೊಂದೊಂದ್ಲಿ ಹನ್ನೊಂದು, ಒಂದು ಉಸಿರು. 11ರಿಂದ 20ರವರೆಗೆ ಹತ್ತು ಮಗ್ಗಿ, ಒಂದು ಸುತ್ತಿಗೆ ನೂರು ಉಸಿರು. ಹತ್ತು ನಿಮಿಷಕ್ಕೆ ಎರಡು ಸುತ್ತು ಮುಗಿದು ಮೂರನೇದರಲ್ಲಿ 15ರ ಮಗ್ಗಿ ಮುಗಿಯುತ್ತಿತ್ತಂತೆ. ಸಿಸ್ಟರ್ ಬಂದು ಮತ್ತೆ ಮಿಷನ್ನಿಗೆ ಸೇರಿಸುವುದು ತಡವಾದರೆ 16 ಶುರು ಮಾಡುವುದು. “ಹದಿನೇಳರ ಮಗ್ಗಿ ಬಂದ್ರೆ ಭಯ ಆಗ್ತಿತ್ತು” ಅಂದಳು. “ಅದು ನನಗೆ ಚಿಕ್ಕಂದಿನಿಂದಲೂ ತಪ್ಪುತ್ತೆ. ತಪ್ಪಿದ್ರೆ ಉಸಿರೂ ತಪ್ಪುತ್ತೆ ಅನ್ನಿಸೋದು.” ಗಣಿತದ ಟೀಚರಿಗೆ ಹದಿನೇಳರ ಮಗ್ಗಿ ತಪ್ಪುತ್ತದೆ ಅನ್ನುವುದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ.

ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಅರ್ಧ ಗಂಟೆ ಎರಡು ಗಂಟೆ. ಒಂದು ದಿನ ಕಫ ಕಟ್ಟಿ, ಜ್ವರ ಬಂದು, ಮತ್ತೆ ಸೊನ್ನೆಗೆ ಬಂತು. ಅವತ್ತು ಪ್ಯಾಡಿನ ಮೇಲೆ ಏನೂ ಬರೆಸಲಿಲ್ಲ. ನಾನೂ ಧೈರ್ಯ ಹೇಳಲು ಹೋಗಲಿಲ್ಲ, ಅಂಗಡಿಗೆ ಬಂದ ಮೆಕ್ಕೆಜೋಳದ ರೇಟು, ಮಾಲೀಕರು ಹಮಾಲರ ಜೊತೆ ಜಗಳ ಆಡಿದ್ದು, ಅದನ್ನೇ ಹೇಳುತ್ತಾ ಕೂತೆ. ನಾಲ್ಕು ದಿನ ಬಿಟ್ಟು ಮತ್ತೆ ಹತ್ತು ನಿಮಿಷದಿಂದ ಶುರು. ಕೊನೆಗೆ ಹಗಲಿಡೀ, ಆಮೇಲೆ ರಾತ್ರಿಯೂ. ಟ್ಯೂಬಿನ ಬಾಯಿ ಬೆರಳಿಂದ ಮುಚ್ಚಿದಾಗ ದನಿ ಬಂತು. ಗೊಗ್ಗರು ದನಿ. ಎಲ್ಲರೂ ಸುತ್ತ ನಿಂತಿದ್ದೆವು, ಏನು ಹೇಳುತ್ತಾಳೋ ಅಂತ. “ಫ್ಯಾನ್ ಕಮ್ಮಿ ಮಾಡ್ರಿ” ಅಂದಳು.

ವಾರ್ಡಿಗೆ ಬಂದ ಮೇಲೆ ಅವಳ ಗಣಿತ ಪೂರ್ತಿ ಎಚ್ಚರವಾಯಿತು. ತುಂಡಾದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ ಅಂತ ಫಿಸಿಯೋದವರು ಬಾಯಿ ಬಿಟ್ಟರು. “ಸೊಂಟದಿಂದ ಪಾದಕ್ಕೆ ಹತ್ತಿರ ಹತ್ತಿರ ಒಂದು ಮೀಟರ್. ಅಂದ್ರೆ 1000 ದಿನ. ಮೂರು ವರ್ಷಕ್ಕೆ ಸ್ವಲ್ಪ ಕಮ್ಮಿ. ರೀ, ನನಗೆ ಯಾಕೆ ಆರು ತಿಂಗಳು ಅಂತ ಸುಳ್ಳು ಹೇಳಿದ್ರಿ?” ಅಂತ ನನ್ನ ಮೇಲೆ ಬಿದ್ದಳು. ನರದ ಡಾಕ್ಟರೇ ಬಂದು ಬಿಡಿಸಿ ಹೇಳಬೇಕಾಯಿತು. ಈ ಕಾಯಿಲೆಯಲ್ಲಿ ಹೆಚ್ಚಾಗಿ ಹಾಳಾಗುವುದು ನರದ ಮೇಲಿನ ಹೊದಿಕೆ, ಅದು ಬೇಗ ಕೂಡಿಕೊಳ್ಳುತ್ತದೆ. ಒಳಗಿನ ಎಳೆಗೂ ಪೆಟ್ಟಾದ ಕಡೆ ನಿಧಾನ. ಅವಳಿಗೆ ಪಾದದ ಹತ್ತಿರ ಎಳೆಗೂ ಸ್ವಲ್ಪ ಪೆಟ್ಟಾಗಿದೆ. ಆ ಉತ್ತರ ಅವಳಿಗೆ ಒಪ್ಪಿಗೆಯಾಯಿತು. ಒಳ್ಳೆಯ ಸುದ್ದಿ ಅಂತಲ್ಲ, ಲೆಕ್ಕ ಕೂಡಿತು ಅಂತ.

ಜಗಳೂರಿನವಳು ಅಷ್ಟರಲ್ಲಿ ಇರಲಿಲ್ಲ. ಒಂದು ಬೆಳಿಗ್ಗೆ ಅವಳ ಚಾಪೆಯ ಜಾಗದಲ್ಲಿ ಬೇರೆ ಯಾರೋ ಇದ್ದರು. ಗಂಡನನ್ನು ವಾರ್ಡಿಗೆ ಹಾಕಿ ಡಿಸ್ಚಾರ್ಜ್ ಮಾಡಿಸಿಕೊಂಡು ಹೋದಳು, ನಡೆಯುತ್ತಾನೆ, ಹೆಸರು ನೆನಪಿರಲ್ಲ ಅಂತ ಸೆಕ್ಯುರಿಟಿಯವನು ಹೇಳಿದ. ಅವಳ ಜೆರಾಕ್ಸ್ ಪಾಠವನ್ನು ನಾನು ಹಾಲ್‌ಗೆ ಹೊಸದಾಗಿ ಬಂದವರಿಗೆ ದಾಟಿಸಿದೆ.

ನಾವು ಮನೆಗೆ ಬಂದಾಗ ಓಣಿಯಲ್ಲಿ ಗಣಪತಿ ಕೂರಿಸಿದ್ದರು. ಮೊದಲು ವೀಲ್‌ಚೇರ್, ಆಮೇಲೆ ವಾಕರ್, ಈಗ ಬೂಟಿನೊಳಗೆ ಪಾದ ಜೋತುಬೀಳದ ಹಾಗೆ ಹಿಡಿಯುವ ಸ್ಪ್ಲಿಂಟ್. ಶಾಲೆಗೆ ಹೋಗುತ್ತಾಳೆ. ಅವಳ ಕ್ಲಾಸನ್ನು ನೆಲಮಹಡಿಗೆ ತಂದಿದ್ದಾರೆ. ಕೂದಲು ಬೆಳೆದರೂ ಜಡೆ ಬಿಟ್ಟಿಲ್ಲ, ಹೀಗೇ ಆರಾಮ ಅನ್ನುತ್ತಾಳೆ.

ವೀಲ್‌ಚೇರ್, ಗಾಳಿ ಹಾಸಿಗೆ, ಕಮೋಡ್ ಕುರ್ಚಿ ಮನೆಯಲ್ಲಿ ಇರಲಿ ಅಂತ ನಾನು, ಕೊಟ್ಟುಬಿಡಿ ಅಂತ ಅವಳು. ಅವಳೇ ಗೆದ್ದಳು. ಈಗ ಅವು ಹರಿಹರದ ಒಂದು ಮನೆಯಲ್ಲಿವೆ, ಸ್ಟ್ರೋಕ್ ಆದ ಒಬ್ಬರಿಗೆ. ಹೆಂಡತಿ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಇವಳು ವಾರಕ್ಕೊಮ್ಮೆ ಆ ಹೆಂಗಸಿಗೆ ಫೋನ್ ಮಾಡುತ್ತಾಳೆ. ಮೊದಲು ಕೇಳುವುದು ಅವರ ಗಂಡನ ಬಗ್ಗೆ ಅಲ್ಲ. “ನಿಮಗೆ ನಿದ್ದೆ ಆಗ್ತಾ ಇದೆಯಾ? ರಾತ್ರಿ ಮಗ್ಗುಲು ತಿರುಗ್ಸೋಕೆ ಯಾರಾದ್ರೂ ಬದಲಿ ಬರ್ತಾರಾ?” ಇಲ್ಲ ಅಂದಿರಬೇಕು. ಫೋನ್ ಇಡದೆಯೇ ನನ್ನ ಕಡೆ ತಿರುಗಿ, “ಶನಿವಾರ ನಿಮಗೆ ಅಂಗಡಿ ಅರ್ಧ ದಿನ ಅಲ್ವಾ?” ಅಂದಳು. ಆಮೇಲೆ ಫೋನಿಗೆ, “ನಮ್ಮನೆಯವರನ್ನ ಕಳಿಸ್ತೀನಿ, ಅವರಿಗೆ ಎಲ್ಲಾ ಬರುತ್ತೆ. ಸ್ವಲ್ಪ ಮಾತು ಜಾಸ್ತಿ, ಅಷ್ಟೇ.”

ಮೂರು ಶನಿವಾರದಿಂದ ಹೋಗುತ್ತಿದ್ದೇನೆ. ಆ ಹೆಂಗಸು ರಾತ್ರಿ ಒಂಬತ್ತಕ್ಕೆ ಒಳಗಿನ ಕೋಣೆಗೆ ಹೋದರೆ ಬೆಳಿಗ್ಗೆ ಆರರವರೆಗೆ ಏಳುವುದಿಲ್ಲ. ಯಜಮಾನರಿಗೆ ಬಲಗೈ ಬರುವುದಿಲ್ಲ, ಮಾತು ತೊದಲುತ್ತದೆ, ಆದರೆ ಚೌಕಾಬಾರದಲ್ಲಿ ನನ್ನನ್ನು ಒಂದು ಸಲವೂ ಗೆಲ್ಲಲು ಬಿಟ್ಟಿಲ್ಲ.